ಆಟದ ಮೇಲೆ ಮಕ್ಕಳ ಬದ್ಧತೆ ಅಳೆಯೋಕೆ ಹಾಜರಿ ಪುಸ್ತಕ ಸಾಕಾ?

ಪಿ.ಟಿ. ಮೇಡಂ, ಮಂಡ್ಯ

ಎಲ್ಲರಿಗೂ ನಮಸ್ಕಾರ. ಮಂಡ್ಯ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ದೈಹಿಕ ಶಿಕ್ಷಕಿ. ಊರಿನ ಹೆಸರು ಬೇಡ, ಮಕ್ಕಳ ವಿಷಯ ಬರುತ್ತೆ.

ನಮ್ಮ ಶಾಲೆಯ ಹಳೇ ವಿದ್ಯಾರ್ಥಿಯೊಬ್ಬರು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ಅಥ್ಲೆಟಿಕ್ಸ್ ಮಾಡುವ ನಾಲ್ಕು ಮಕ್ಕಳಿಗೆ ಒಂದು ವರ್ಷ ಶೂ, ಮೊಟ್ಟೆ, ಹಾಲು, ಕ್ರೀಡಾಕೂಟಕ್ಕೆ ಹೋಗಿಬರುವ ಖರ್ಚು ಎಲ್ಲ ತಾವೇ ನೋಡಿಕೊಳ್ಳುತ್ತೇನೆ ಅಂದಿದ್ದಾರೆ. ತುಂಬಾ ಸಂತೋಷ. ಆದರೆ ಒಂದು ಷರತ್ತು ಇದೆ. "ಮೆಡಲ್ ನೋಡಬೇಡಿ ಮೇಡಂ. ಯಾರು ಅರ್ಧಕ್ಕೆ ಕೈಬಿಡುವುದಿಲ್ಲವೋ ಅಂಥವರನ್ನ ಆರಿಸಿ. ಏನಾದರೂ ಅಳತೆ ಇಟ್ಟುಕೊಂಡು ಅಂಕ ಹಾಕಿ ಕಳಿಸಿ" ಅಂದರು. ಎಕ್ಸೆಲ್ ಶೀಟನ್ನೂ ತಾವೇ ಮಾಡಿ ಕಳಿಸಿದ್ದಾರೆ. ಅದರಲ್ಲಿ ಮೊದಲ ಕಾಲಂ ಹಾಜರಿ.

ಹಾಜರಿ ನನ್ನ ಹತ್ತಿರ ಇದೆ. ಸಂಜೆ ನಾಲ್ಕೂವರೆಯಿಂದ ಆರರವರೆಗೆ ಪ್ರಾಕ್ಟೀಸ್. ಬಂದವರ ಹೆಸರಿನ ಮುಂದೆ ಟಿಕ್ ಹಾಕುತ್ತಾ ಬಂದಿದ್ದೇನೆ. ಆ ಪುಸ್ತಕ ನೋಡಿ ನಾಲ್ಕು ಹೆಸರು ಬರೆಯುವುದು ಎರಡು ನಿಮಿಷದ ಕೆಲಸ. ಆದರೆ ಬರೆಯೋಕೆ ಮನಸ್ಸು ಒಪ್ಪುತ್ತಿಲ್ಲ.

ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಇದ್ದಾಳೆ. 800, 1500 ಮೀಟರ್ ಓಡುತ್ತಾಳೆ. ವಾರದಲ್ಲಿ ಎರಡು ಮೂರು ಸಂಜೆ ಮೈದಾನದ ಕಡೆ ಬರುವುದೇ ಇಲ್ಲ. ಮನೆಯಲ್ಲಿ ಎರಡು ಹಸು. ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ, ವಾಪಸ್ ಬರುವಾಗ ಕತ್ತಲಾಗಿರುತ್ತೆ. ಹಾಲು ಕರೆದು ಡೈರಿಗೆ ಹಾಕುವುದು ಇವಳ ಪಾಲಿನ ಕೆಲಸ. ಡೈರಿ ಬಾಗಿಲು ಹಾಕಿದರೆ ಅವತ್ತಿನ ಹಾಲು ಮನೆಯಲ್ಲೇ ಉಳಿಯಿತು ಅಂತ ಲೆಕ್ಕ. ಬರಲಾಗದ ದಿನ ಏನು ಮಾಡಬೇಕು ಅಂತ ನನ್ನ ಹತ್ತಿರ ಚೀಟಿಯಲ್ಲಿ ಬರೆಸಿಕೊಂಡು ಹೋಗುತ್ತಾಳೆ. ಬೆಳಿಗ್ಗೆ ನಾಲೆ ಏರಿ ಮೇಲೆ ಓಡುತ್ತಾಳೆ. ಕೈಗಡಿಯಾರ ಇಲ್ಲ. ಒಂದು ತೂಬಿನಿಂದ ಇನ್ನೊಂದು ತೂಬಿನವರೆಗೆ ಜೋರಾಗಿ, ಅಲ್ಲಿಂದ ಮುಂದಿನ ತೂಬಿಗೆ ನಿಧಾನವಾಗಿ. ಎಷ್ಟು ಸಲ ಆಯಿತು ಅಂತ ಚೀಟಿಯ ಹಿಂದುಗಡೆ ಗೀಟು ಹಾಕಿಕೊಂಡು ಬಂದು ತೋರಿಸುತ್ತಾಳೆ. ನನ್ನ ಹಾಜರಿ ಪುಸ್ತಕದಲ್ಲಿ ಅವಳ ಸಾಲು ಅರ್ಧ ಖಾಲಿ.

ಹತ್ತನೇ ಕ್ಲಾಸಿನ ಒಬ್ಬ ಹುಡುಗ. ಉದ್ದ ಜಿಗಿತ, 100 ಮೀಟರ್. ಒಂದು ದಿನವೂ ತಪ್ಪಿಸಿದವನಲ್ಲ. ಅಪ್ಪ ಬೈಕಿನಲ್ಲಿ ಕರೆತರುತ್ತಾರೆ. ಮುಗಿಯುವವರೆಗೂ ಬೇವಿನ ಮರದ ಕೆಳಗೆ ಬೈಕ್ ಮೇಲೆ ಕೂತು ಮೊಬೈಲಲ್ಲಿ ವೀಡಿಯೋ ಮಾಡುತ್ತಾರೆ. ಹುಡುಗ ಜಿಗಿದು, ಮರಳು ಕೊಡವಿಕೊಂಡು ಎದ್ದಾಗ ಮೊದಲು ನೋಡುವುದು ಟೇಪಿನ ಕಡೆ ಅಲ್ಲ, ಅಪ್ಪನ ಕಡೆ. ಅಪ್ಪ ಬಾರದ ಒಂದು ಸಂಜೆ ನನ್ನ ಹತ್ತಿರ ಬಂದು, "ಮೇಡಂ, ಇವತ್ತು ಬೇಗ ಬಿಡ್ತೀರಾ?" ಅಂದ.

ಮೂರನೆಯವನು ಎಂಟನೇ ಕ್ಲಾಸು. ಡಿಸೆಂಬರಲ್ಲಿ ಹುಟ್ಟಿದವನು, ಸಾಲಿನಲ್ಲಿ ಎಲ್ಲರಿಗಿಂತ ಕುಳ್ಳ. ಯಾವುದರಲ್ಲೂ ಗೆಲ್ಲುವುದಿಲ್ಲ. ಆದರೆ ಸುಣ್ಣದ ಗೆರೆ ಎಳೆಯೋಕೆ ಎಲ್ಲರಿಗಿಂತ ಮೊದಲು ಬರುವವನು, ಕೋನ್‌ಗಳನ್ನ ಸ್ಟೋರ್ ರೂಮಿಗೆ ಹಾಕಿ ಕೊನೆಗೆ ಹೋಗುವವನು ಅವನೇ. ಓಡುವುದು ಇಷ್ಟವೋ, ಗೆಳೆಯರ ಜೊತೆ ಇರುವುದು ಇಷ್ಟವೋ, ಮನೆಗೆ ಬೇಗ ಹೋಗುವುದು ಬೇಡವೋ, ಹೇಳೋಕಾಗಲ್ಲ.

ಈಗ ಹೇಳಿ, ಮೂವರಿಗೆ ಎಷ್ಟೆಷ್ಟು ಅಂಕ ಹಾಕಲಿ? ಬೇರೆ ಕಡೆ ಇದನ್ನ ಹೇಗೆ ಅಳೆಯುತ್ತಾರೆ? ದಯವಿಟ್ಟು "ಕಣ್ಣಲ್ಲೇ ಗೊತ್ತಾಗುತ್ತೆ ಮೇಡಂ" ಅಂತ ಮಾತ್ರ ಬರೆಯಬೇಡಿ. ನನ್ನ ಕಣ್ಣಿಗೆ ಗೊತ್ತಾಗುತ್ತೆ. ಎಕ್ಸೆಲ್ ಶೀಟಿಗೆ ಗೊತ್ತಾಗಬೇಕು.

ಹಳೇ ಕೋಚ್

ಸುಮ್ನೆ ತಲೆ ಕೆಡಿಸಿಕೊಳ್ಳುತ್ತಿದ್ದೀರಿ. ಸ್ಟಾಪ್‌ವಾಚ್ ಇದೆಯಲ್ಲ? 800 ಓಡಿಸಿ, ಕೊನೆಯ 150 ಮೀಟರ್ ನೋಡಿ. ಬದ್ಧತೆ ಇರುವವರು ಅಲ್ಲಿ ಹಲ್ಲು ಕಚ್ಚುತ್ತಾರೆ, ಇಲ್ಲದವರು ಅಲ್ಲೇ ಬಿಡುತ್ತಾರೆ. ಮೂರು ತಿಂಗಳಾದ ಮೇಲೆ ಮತ್ತೆ ಓಡಿಸಿ. ಸಮಯ ಇಳಿದಿದ್ದರೆ ಕಷ್ಟಪಟ್ಟಿದ್ದಾರೆ ಅಂತ ಅರ್ಥ. ಇನ್ನೇನು ಬೇಕು?

ಪಿ.ಟಿ. ಮೇಡಂ, ಮಂಡ್ಯ

ಸರ್, ಬೇಸಿಗೆ ರಜೆ ಮುಗಿಸಿ ಬರುವಾಗ ಎರಡು ಇಂಚು ಉದ್ದವಾಗಿ ಬಂದ ಹುಡುಗನ ಸಮಯ ಏನೂ ಮಾಡದೆಯೇ ಇಳಿಯುತ್ತೆ. ಅದೇ ವಯಸ್ಸಿನ ಹುಡುಗಿಯರು ಮೈ ಬದಲಾಗುವ ವರ್ಷದಲ್ಲಿ ಎಷ್ಟು ಓಡಿದರೂ ಸಮಯ ನಿಂತಲ್ಲೇ ನಿಲ್ಲುತ್ತೆ, ಕೆಲವರಿಗೆ ಜಾಸ್ತಿಯೂ ಆಗುತ್ತೆ. ಸ್ಟಾಪ್‌ವಾಚ್ ನಂಬಿದರೆ ನನ್ನ ನಾಲ್ಕು ಹೆಸರೂ ಮೀಸೆ ಬಂದವರದ್ದೇ ಆಗುತ್ತೆ.

ಸಂಶೋಧನಾ ವಿದ್ಯಾರ್ಥಿ, ಮೈಸೂರು

ಮೇಡಂ, ಎಂ.ಪಿ.ಎಡ್. (ದೈಹಿಕ ಶಿಕ್ಷಣದಲ್ಲಿ ಸ್ನಾತಕೋತ್ತರ ಪದವಿ) ಮುಗಿಸಿ ಈಗ ಕ್ರೀಡಾ ಮನಃಶಾಸ್ತ್ರದಲ್ಲಿ ಪಿಎಚ್.ಡಿ. ಮಾಡುತ್ತಿದ್ದೇನೆ. ನೀವು ಕೇಳಿರುವುದೇ ನನ್ನ ವಿಷಯಕ್ಕೆ ಹತ್ತಿರ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ಇದರಲ್ಲಿ ಎಲ್ಲರೂ ಹಿಡಿಯುವ ಮೊದಲ ಹೆಸರು ತಾರಾ ಸ್ಕ್ಯಾನ್ಲನ್. ಅಮೆರಿಕದ ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು. ಅವರೂ ಅವರ ಜೊತೆಯವರೂ 1993ರಲ್ಲಿ ಮಕ್ಕಳ ಆಟವನ್ನೇ ಇಟ್ಟುಕೊಂಡು ಒಂದು ಮಾದರಿ ಕಟ್ಟಿದರು. ಅವರ ಪ್ರಕಾರ ಬದ್ಧತೆ ಅಂದರೆ ಆಟ ಮುಂದುವರಿಸಬೇಕು ಅನ್ನುವ ಆಸೆ, ಮುಂದುವರಿಸುತ್ತೇನೆ ಅನ್ನುವ ನಿರ್ಧಾರ. ಗಮನಿಸಿ, ಎಷ್ಟು ದಿನ ಬಂದ, ಎಷ್ಟು ಗೆದ್ದ ಅನ್ನುವುದು ಇದರಲ್ಲಿ ಇಲ್ಲವೇ ಇಲ್ಲ. ಅದು ಮನಸ್ಸಿನ ಒಳಗಿನ ವಿಷಯ, ಹಾಗಾಗಿ ಮಕ್ಕಳನ್ನೇ ಕೇಳಿದರು. ಈ ಆಟ ಬಿಡುವುದು ನಿನಗೆ ಎಷ್ಟು ಕಷ್ಟ, ಆಡುತ್ತಲೇ ಇರಬೇಕು ಅಂತ ಎಷ್ಟು ಗಟ್ಟಿಯಾಗಿ ಅಂದುಕೊಂಡಿದ್ದೀಯ, ಅದಕ್ಕೋಸ್ಕರ ಏನೆಲ್ಲ ಮಾಡೋಕೆ ತಯಾರು, ಈ ಥರದ ಪ್ರಶ್ನೆಗಳು.

ತಮಾಷೆ ಅಂದರೆ, ಇದರ ಬೇರು ಕ್ರೀಡೆಯಲ್ಲಿ ಇಲ್ಲ. ಗಂಡ ಹೆಂಡತಿ, ಪ್ರೇಮಿಗಳು ಒಬ್ಬರನ್ನೊಬ್ಬರು ಯಾಕೆ ಬಿಟ್ಟುಹೋಗುವುದಿಲ್ಲ ಅಂತ ಕ್ಯಾರಿಲ್ ರಸ್ಬಲ್ಟ್ ಅವರಂಥ ಮನಃಶಾಸ್ತ್ರಜ್ಞರು ಮೊದಲೇ ಕೇಳಿದ್ದರು. ಖುಷಿ ಇದ್ದರೆ ಉಳಿಯುತ್ತಾರೆ, ಸರಿ. ಖುಷಿ ಇಲ್ಲದೆಯೂ ಉಳಿಯುತ್ತಾರೆ. ಇಷ್ಟು ವರ್ಷ ಕಳೆದಾಯಿತು, ಬೇರೆ ದಾರಿ ಕಾಣುತ್ತಿಲ್ಲ, ನಾಲ್ಕು ಜನ ಏನಂತಾರೆ. ಆಟದಲ್ಲೂ ಅದೇ ಕಥೆ. ಆದ್ದರಿಂದ ಸ್ಕ್ಯಾನ್ಲನ್ ಅವರು ಬದ್ಧತೆಯ ಜೊತೆಗೆ ಅದಕ್ಕೆ ಕಾರಣವಾಗುವ ಐದು ವಿಷಯಗಳನ್ನೂ ಪಟ್ಟಿ ಮಾಡಿದರು. ಆಟದ ಖುಷಿ. ಈಗಾಗಲೇ ಹಾಕಿರುವ ಸಮಯ, ದುಡ್ಡು, ಬೆವರು. ಈ ಆಟದಿಂದ ಮಾತ್ರ ಸಿಗುವ ಗೆಳೆಯರು, ಓಡಾಟ, ಹೆಸರು. ಬೇರೆ ಏನಾದರೂ ಇದಕ್ಕಿಂತ ಹೆಚ್ಚು ಸೆಳೆಯುತ್ತಿದೆಯೇ ಅನ್ನುವುದು. ಕೊನೆಗೆ, ಬಿಟ್ಟರೆ ಅಪ್ಪ ಅಮ್ಮ ಕೋಚ್ ಬೇಜಾರಾಗುತ್ತಾರೆ ಅನ್ನುವ ಒತ್ತಡ. ಮಕ್ಕಳಲ್ಲಿ ಎಲ್ಲಕ್ಕಿಂತ ಮುಂದೆ ನಿಂತದ್ದರಲ್ಲಿ ಖುಷಿಯೂ ಒಂದು. ಆಮೇಲೆ ಇದೇ ತಂಡ ನ್ಯೂಜಿಲೆಂಡಿನ ಆಲ್ ಬ್ಲ್ಯಾಕ್ಸ್ ರಗ್ಬಿ ಆಟಗಾರರನ್ನೂ ಸಿಲ್ವರ್ ಫರ್ನ್ಸ್ ನೆಟ್‌ಬಾಲ್ ಆಟಗಾರ್ತಿಯರನ್ನೂ ಕೂರಿಸಿಕೊಂಡು ಮಾತಾಡಿಸಿ ಪಟ್ಟಿ ಬೆಳೆಸಿತು.

ನಿಮಗೆ ಬೇಕಾದ್ದು 2016ರ ಹೊಸ ಪ್ರಶ್ನಾವಳಿಯಲ್ಲಿದೆ. ಹದಿಹರೆಯದ ಆಟಗಾರರ ಮೇಲೆ ಪರೀಕ್ಷಿಸಿ ಮಾಡಿದ್ದು. 12 ಭಾಗ, ಐವತ್ತಕ್ಕೂ ಹೆಚ್ಚು ಹೇಳಿಕೆ, ಒಂದೊಂದಕ್ಕೂ 1ರಿಂದ 5. ಅದರಲ್ಲಿ ಬದ್ಧತೆಯನ್ನೇ ಎರಡಾಗಿ ಒಡೆದಿದ್ದಾರೆ. ಬೇಕು ಅಂತ ಉಳಿಯುವುದು ಒಂದು, ಬಿಡೋಕಾಗದೆ ಉಳಿಯುವುದು ಇನ್ನೊಂದು. ನಿಮ್ಮ ಹಾಲಿನ ಹುಡುಗಿಗೆ ಮೊದಲನೆಯದು ತುಂಬಿದೆ. ಬೈಕಿನ ಹುಡುಗನಲ್ಲಿ ಎರಡನೆಯದು ಜಾಸ್ತಿ ಇರಬಹುದು. ಹಾಜರಿ ಪುಸ್ತಕ ಇವೆರಡಕ್ಕೂ ಒಂದೇ ಟಿಕ್ ಹಾಕುತ್ತೆ, ಅದೂ ಬರೋಕೆ ಸಾಧ್ಯವಾದ ದಿನ ಮಾತ್ರ.

ಎರಡನೆಯದು ಯಾಕೆ ಮುಖ್ಯ ಅಂದರೆ, 1997ರಲ್ಲಿ ಥಾಮಸ್ ರೇಡಿಕಿ ಎಂಬುವರು ಹದಿಹರೆಯದ ಈಜುಗಾರರನ್ನು ನೋಡಿದರು. ಮನಸ್ಸಿಲ್ಲದೆ, ಬಿಡಲೂ ಆಗದೆ ಸಿಕ್ಕಿಹಾಕಿಕೊಂಡವರಲ್ಲೇ ಬಳಲಿಕೆ ಜಾಸ್ತಿ ಇತ್ತು. ದಿನಾ ಬರುತ್ತಿರುತ್ತಾರೆ, ಒಳಗೆ ಖಾಲಿಯಾಗಿರುತ್ತಾರೆ. ಆಮೇಲೊಂದು ದಿನ ಪೂರ್ತಿ ಬಿಟ್ಟುಬಿಡಲೂಬಹುದು.

ಕುಳ್ಳ ಹುಡುಗನ ಬಗ್ಗೆಯೂ ಒಂದು ಮಾತು. ಗೆಳೆಯರಿಗೋಸ್ಕರ ಬರುತ್ತಾನೆ ಅಂದರೆ ಅದೇನು ಕಮ್ಮಿ ಕಾರಣ ಅಲ್ಲ, ಪಟ್ಟಿಯಲ್ಲೇ ಇದೆ. ವಯಸ್ಸಿನ ಗುಂಪನ್ನು ಜನವರಿಯಿಂದ ಲೆಕ್ಕ ಹಿಡಿದರೆ ಡಿಸೆಂಬರಿನ ಮಗು ಹೆಚ್ಚುಕಮ್ಮಿ ಒಂದು ವರ್ಷ ದೊಡ್ಡವರ ಜೊತೆ ಓಡುತ್ತಿರುತ್ತೆ. ಕೆನಡಾದ ಐಸ್ ಹಾಕಿಯಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಜಾಸ್ತಿ ಆಯ್ಕೆಯಾಗಿದ್ದಾರೆ ಅಂತ 1985ರಲ್ಲೇ ತೋರಿಸಿದ್ದಾರೆ. ಹಳೇ ಕೋಚ್ ಸರ್, ಇದು ನಿಮ್ಮ ಸ್ಟಾಪ್‌ವಾಚಿಗೂ ಅನ್ವಯ.

ಒಂದೇ ಒಂದು ಎಚ್ಚರಿಕೆ. ಈ ಪ್ರಶ್ನಾವಳಿಯಿಂದ ನಾಲ್ಕು ಜನರನ್ನ ಆರಿಸೋಕೆ ಹೋಗಬೇಡಿ. ಶೂ ಸಿಗುತ್ತೆ ಅಂತ ಗೊತ್ತಾದ ಕ್ಷಣವೇ ಎಲ್ಲರೂ 5ಕ್ಕೆ ಸುತ್ತು ಹಾಕುತ್ತಾರೆ. ಆಗ ನೀವು ಅಳೆಯುವುದು ಶೂ ಆಸೆಯನ್ನ. ಒಂದು ಗುಂಪು ಹೇಗಿದೆ, ಏನು ಬದಲಾಯಿಸಬೇಕು ಅಂತ ತಿಳಿಯೋಕೆ ಮಾಡಿದ ಸಾಧನ ಅದು. ಬಹುಮಾನ ಹಂಚೋಕೆ ಮಾಡಿದ್ದಲ್ಲ.

ರೈಲ್ವೆ ಓಟಗಾರ

ಮೇಲಿನವರು ಚೆನ್ನಾಗಿ ಹೇಳಿದ್ದಾರೆ, ಆದರೆ ಒಂದು ಕಡೆ ನನಗೆ ತಡೆಯುತ್ತಿದೆ.

ನಾನು ಎಂಟನೇ ಕ್ಲಾಸಿಂದ ಕ್ರೀಡಾ ಹಾಸ್ಟೆಲ್‌ನಲ್ಲಿ ಬೆಳೆದವನು. 30 ಮೀಟರ್ ಓಟ, ನಿಂತಲ್ಲಿಂದ ಜಿಗಿತ, 800 ಮೀಟರ್ ಎಲ್ಲ ಮಾಡಿಸಿ ಸೇರಿಸಿಕೊಂಡರು. ಬದ್ಧತೆ ಬಗ್ಗೆ ಯಾರೂ ಕೇಳಲಿಲ್ಲ, ಕೇಳಿದ್ದರೆ ನನಗೆ ಅರ್ಥವೂ ಆಗುತ್ತಿರಲಿಲ್ಲ. ಹಾಸ್ಟೆಲ್‌ನಲ್ಲಿ ಹಾಜರಿ ಎಲ್ಲರದೂ ನೂರಕ್ಕೆ ನೂರು. ಐದು ಗಂಟೆಗೆ ಸೀಟಿ ಊದಿದರೆ ಯಾರು ತಾನೇ ಮಲಗುತ್ತಾರೆ? ಸಾಲಿನ ಹಿಂದೆ ಸೇರಿಕೊಂಡು ಓಡುವ ಹಾಗೆ ಕಾಣಿಸುವುದು ಒಂದು ಕಲೆ. ಅದರಲ್ಲಿ ನಮ್ಮಲ್ಲಿ ರಾಷ್ಟ್ರಮಟ್ಟದವರು ಇದ್ದರು!

ಆದರೆ ಈ "ಬೇಕು ಅಂತ ಉಳಿಯುವುದು, ಬಿಡೋಕಾಗದೆ ಉಳಿಯುವುದು" ಇದೆಯಲ್ಲ, ನನ್ನನ್ನ ಯಾವ ಕಡೆ ಹಾಕುತ್ತೀರಿ? ಅಪ್ಪನಿಗೆ ಅರ್ಧ ಎಕರೆ ಜಮೀನು. ಓಡಿದರೆ ಕ್ರೀಡಾ ಕೋಟಾದಲ್ಲಿ ಕೆಲಸ ಸಿಗುತ್ತೆ ಅಂತ ಸೀನಿಯರ್‌ಗಳು ಹೇಳಿದ್ದರು. ಅದಕ್ಕೇ ಓಡಿದೆ. ಮೊಣಕಾಲ ಕೆಳಗೆ ಮೂಳೆ ನೋವು ಬಂದು ಮೆಟ್ಟಿಲು ಇಳಿಯೋಕಾಗದ ದಿನವೂ ಓಡಿದೆ. ಖುಷಿ ಇತ್ತಾ? ಗೆದ್ದ ದಿನ ಇತ್ತು. ಉಳಿದ ದಿನ ಮಧ್ಯಾಹ್ನದ ಊಟ ಯಾವಾಗ ಅಂತ ಇತ್ತು. ಅಮೆರಿಕದ ಮಗುವಿಗೆ ಆಟ ಬಿಟ್ಟರೆ ಇನ್ನೊಂದು ಆಟ ಇದೆ, ಪಿಯಾನೋ ಇದೆ. ನಮಗೆ ಆಟ ಬಿಟ್ಟರೆ ಕಬ್ಬು ಕಡಿಯುವುದು. ನನಗೆ ಆ ಹಾಳೆ ಕೊಟ್ಟಿದ್ದರೆ "ಬಿಡೋಕಾಗಲ್ಲ" ಅನ್ನುವುದಕ್ಕೆ 5 ಹಾಕುತ್ತಿದ್ದೆ. ಹಾಗಂತ ನನಗೆ ಬದ್ಧತೆ ಕಮ್ಮಿ ಅನ್ನುತ್ತೀರಾ?

ಮೇಡಂ, ನಿಮ್ಮ ಹುಡುಗಿಗೆ ಮೊದಲು ಕೇಳಬೇಕಾದ್ದು ಅಂಕದ ಪ್ರಶ್ನೆ ಅಲ್ಲ. "ಸಂಜೆ ಹಾಲು ಹಾಕೋಕೆ ಬೇರೆ ಯಾರಾದರೂ ಇದ್ದಿದ್ದರೆ ಬರ್ತಿದ್ದೆಯಾ?" ಅಂತ ಕೇಳಿ.

ಸಂಶೋಧನಾ ವಿದ್ಯಾರ್ಥಿ, ಮೈಸೂರು

ಅಣ್ಣಾ, ಒಪ್ಪಿದೆ. ಎರಡೂ ಒಬ್ಬರಲ್ಲೇ ಒಟ್ಟಿಗೆ ಇರಬಹುದು. ಅದಕ್ಕೇ ಅವೆರಡನ್ನ ಬೇರೆ ಬೇರೆ ಅಳೆಯುತ್ತಾರೆ, ಒಂದರಿಂದ ಇನ್ನೊಂದನ್ನ ಕಳೆಯುವುದಿಲ್ಲ. ಕೆಲಸಕ್ಕೋಸ್ಕರ ಓಡುವ ನಮ್ಮ ಮಕ್ಕಳ ವಿಷಯಕ್ಕೆ ಆ ಹೇಳಿಕೆಗಳು ಅಷ್ಟಾಗಿ ಹೊಂದುವುದಿಲ್ಲ ಅನ್ನುವುದು ನನ್ನ ಅನುಭವವೂ ಹೌದು. ನನ್ನ ಗೈಡ್ ಹತ್ತಿರ ಇದೇ ಜಗಳ ನಡೆಯುತ್ತಿದೆ.

ಈಜುಕೊಳದ ಅಪ್ಪ, ಬೆಂಗಳೂರು

ಬೈಕಿನ ಮೇಲೆ ಕೂತ ಅಪ್ಪನ ಪರವಾಗಿ ಒಬ್ಬರಾದರೂ ಮಾತಾಡಬೇಕಲ್ಲ, ಅದಕ್ಕೇ ಬಂದೆ.

ನನ್ನ ಮಗಳು ಈಜುತ್ತಾಳೆ, ಈಗ ಪಿಯು. ಬೆಳಿಗ್ಗೆ ಐದಕ್ಕೆ ಕೊಳಕ್ಕೆ ಬಿಟ್ಟು, ಗ್ಯಾಲರಿಯಲ್ಲಿ ಕೂತು, ಏಳಕ್ಕೆ ಸ್ಕೂಲ್ ಬ್ಯಾಗ್ ಕೊಟ್ಟು ಕಳಿಸುವುದು ವರ್ಷಗಟ್ಟಲೆ ಮಾಡಿದ್ದೇನೆ. ಗ್ಯಾಲರಿಯಲ್ಲಿ ಎಲ್ಲ ಥರದ ಅಪ್ಪಂದಿರಿದ್ದರು. ಸ್ಟಾಪ್‌ವಾಚ್ ಹಿಡಿದು ಕೋಚ್‌ಗಿಂತ ಜೋರಾಗಿ ಕೂಗುವವರು. ಮಡಿಸಿದ ಪೇಪರ್ ತೆಗೆದು ಓದುತ್ತಾ ಕೂರುವವರು. ಕೆಲವರು ಕಾರಲ್ಲೇ ನಿದ್ದೆ. ದೂರದಿಂದ ನೋಡಿದರೆ ಎಲ್ಲರೂ ಒಂದೇ, ಮಗುವನ್ನ ಕರೆತಂದು ಕೂತ ಅಪ್ಪ. ಯಾರು ಒತ್ತಡ, ಯಾರು ಆಸರೆ ಅನ್ನುವುದು ವಾಪಸ್ ಹೋಗುವಾಗ ಕಾರಲ್ಲಿ ನಡೆಯುವ ಮಾತಿನಲ್ಲಿ ಇರುತ್ತೆ. ಅದು ನಿಮಗೆ ಮೈದಾನದಿಂದ ಕೇಳಿಸುವುದಿಲ್ಲ ಮೇಡಂ.

"ಬೇಗ ಬಿಡ್ತೀರಾ" ಅಂದದ್ದಕ್ಕೂ ಅಷ್ಟು ಅರ್ಥ ಹಚ್ಚಬೇಡಿ. ಡಿಸೆಂಬರ್ ಚಳಿಯಲ್ಲಿ ನೀರಿಗೆ ಇಳಿಯುವ ಮುಂಚೆ ನನ್ನ ಮಗಳಿಗೆ ನಿಮ್ಮ ಪ್ರಶ್ನಾವಳಿ ಕೊಟ್ಟಿದ್ದರೆ ಎಲ್ಲದಕ್ಕೂ 1 ಹಾಕುತ್ತಿದ್ದಳು. ಏಳು ಗಂಟೆಗೆ, ಕೂದಲು ಒದ್ದೆ ಇರುವಾಗಲೇ ಗೆಳತಿಯರ ಜೊತೆ ಇಡ್ಲಿ ತಿನ್ನುವಾಗ ಕೊಟ್ಟಿದ್ದರೆ ಎಲ್ಲಕ್ಕೂ 5. ಯಾವಾಗ ಕೇಳುತ್ತೀರಿ ಅನ್ನುವುದು ಮುಖ್ಯ. ಪರೀಕ್ಷೆ ವಾರ ಕೇಳಬೇಡಿ, ಸೋತು ಬಂದ ದಿನ ಕೇಳಬೇಡಿ, ತಾಲೂಕು ಮಟ್ಟದಲ್ಲಿ ಗೆದ್ದ ಮಾರನೇ ದಿನವೂ ಬೇಡ.

ಇನ್ನೊಂದು. ದಾನಿಗಳು "ಅರ್ಧಕ್ಕೆ ಬಿಡದವರು" ಅಂತ ಕೇಳಿದ್ದಾರಲ್ಲ, ಹದಿನಾಲ್ಕು ವರ್ಷದ ಮಗು ಹಾಗಂತ ಮಾತು ಕೊಡೋಕಾಗುತ್ತಾ? ಮಗಳ ಜೊತೆ ಈಜು ಶುರು ಮಾಡಿದವರಲ್ಲಿ ಎಸ್ಸೆಸ್ಸೆಲ್ಸಿ ಆದ ಮೇಲೆ ಉಳಿದವರು ಬೆರಳೆಣಿಕೆ. ಬಿಟ್ಟವರೆಲ್ಲ ಮನಸ್ಸಿಲ್ಲದವರೇನಲ್ಲ. ನೀಟ್ ಕೋಚಿಂಗ್ ಬೆಳಿಗ್ಗೆ ಆರಕ್ಕೇ ಶುರುವಾಗುತ್ತೆ.

ಹಳೇ ಕೋಚ್

ಜನವರಿ ಡಿಸೆಂಬರ್ ಲೆಕ್ಕ ಒಪ್ಪಿದೆ. ಕೊನೆಯ 150 ಮೀಟರ್ ವಿಷಯ ಮಾತ್ರ ಬಿಟ್ಟುಕೊಡಲ್ಲ.

ಪಿ.ಟಿ. ಮೇಡಂ, ಮಂಡ್ಯ

ಎಲ್ಲರಿಗೂ ಥ್ಯಾಂಕ್ಸ್. ತಡವಾಗಿ ಬರೆಯುತ್ತಿದ್ದೇನೆ, ಮಧ್ಯೆ ವಲಯ ಮಟ್ಟದ ಕೂಟ ಬಂತು. ಇಷ್ಟರಲ್ಲಿ ಏನೇನಾಯಿತು ಅಂತ ಹೇಳುತ್ತೇನೆ.

ಮೈಸೂರಿನ ಸರ್ ಹೇಳಿದ ಹಾಗೆ ಒಂದು ಸಣ್ಣ ಹಾಳೆ ಮಾಡಿದೆ. ಐವತ್ತು ಹೇಳಿಕೆ ನಮ್ಮ ಮಕ್ಕಳು ಓದುವುದಿಲ್ಲ. ಒಂದು ಮಗ್ಗುಲಿಗೆ ಹಿಡಿಸುವಷ್ಟನ್ನ ನನ್ನ ಮಾತಿನಲ್ಲೇ ಬರೆದೆ. "ಪ್ರಾಕ್ಟೀಸ್ ಇಲ್ಲ ಅಂದರೆ ಬೇಜಾರಾಗುತ್ತೆ." "ಬಿಡಬೇಕು ಅನಿಸಿದರೂ ಬಿಡೋಕೆ ಆಗಲ್ಲ." "ಚೆನ್ನಾಗಿ ಓಡದಿದ್ದರೆ ಮನೆಯಲ್ಲಿ ಬೈತಾರೆ." "ಮನೆಯಲ್ಲಿ ಕೆಲಸ ಇಲ್ಲದಿದ್ದರೆ ಇನ್ನೂ ಜಾಸ್ತಿ ಬರ್ತಿದ್ದೆ." ಹೀಗೆ. ಹೆಸರು ಬರೆಯಬೇಡಿ ಅಂದೆ. ಶೂ ವಿಷಯ ಎತ್ತಲೇ ಇಲ್ಲ. ಪ್ರಾಕ್ಟೀಸ್ ಮುಗಿದು ಕೂತಿರುವಾಗ ಕೊಟ್ಟೆ, ಅದು ಈಜುಕೊಳದ ಸರ್ ಸಲಹೆ. ಮಡಿಸಿ ಖಾಲಿ ಚಾಕ್‌ಪೀಸ್ ಡಬ್ಬದಲ್ಲಿ ಹಾಕಿದರು. ಕೈಬರಹ ನೋಡಿದರೆ ನನಗೆ ಯಾರದ್ದು ಅಂತ ಗೊತ್ತಾಗಿಬಿಡುತ್ತೆ. ಹಾಗಾಗಿ ನಾನು ತೆರೆಯಲಿಲ್ಲ. ಗಣಿತದ ಮೇಷ್ಟ್ರಿಗೆ ಕೊಟ್ಟು ಪಟ್ಟಿ ಮಾಡಿಸಿದೆ. ಅವರಿಗೆ ಆಟದ ಮೇಲೆ ಪ್ರೀತಿ ಅಷ್ಟಕ್ಕಷ್ಟೇ, ಆದರೆ ಅಂಕಿ ಕಂಡರೆ ಬಿಡುವವರಲ್ಲ.

"ಬಿಡಬೇಕು ಅನಿಸಿದರೂ ಬಿಡೋಕೆ ಆಗಲ್ಲ" ಅನ್ನುವುದಕ್ಕೆ 4, 5 ಹಾಕಿದವರು ನಾನು ಎಣಿಸಿದ್ದಕ್ಕಿಂತ ಜಾಸ್ತಿ ಇದ್ದಾರೆ. ಅಂದರೆ ಬೈಕಿನ ಅಪ್ಪ ಒಬ್ಬರ ವಿಷಯ ಅಲ್ಲ ಇದು. ಯಾರ್ಯಾರು ಅಂತ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ರೈಲ್ವೆ ಸರ್ ಹೇಳಿದ ಕಾರಣ ಕೆಲವರದ್ದಿರಬಹುದು, ನನ್ನ ಬೈಗುಳದ ಭಯವೂ ಕೆಲವರಿಗೆ ಇರಬಹುದು. ಮನೆಕೆಲಸದ ಹೇಳಿಕೆಗೆ 5 ಹಾಕಿದವರೂ ಬೇಕಾದಷ್ಟು ಜನ. ಅದೂ ಒಬ್ಬ ಹುಡುಗಿಯ ಕಥೆ ಅಲ್ಲ ಅಂತಾಯಿತು.

ಹಾಳೆಯ ಕೊನೆಯಲ್ಲಿ ಒಂದು ಖಾಲಿ ಗೆರೆ ಬಿಟ್ಟಿದ್ದೆ. "ನಾಳೆಯಿಂದ ಆಟ ನಿಂತುಹೋದರೆ ನಿನಗೆ ಏನು ತಪ್ಪಿಹೋಗುತ್ತೆ?" ಮೆಡಲ್, ಸರ್ಟಿಫಿಕೇಟ್, ಆರೋಗ್ಯ, ಪುಸ್ತಕದಲ್ಲಿರುವ ಉತ್ತರ ಬರುತ್ತೆ ಅಂದುಕೊಂಡಿದ್ದೆ. ಮೇಷ್ಟ್ರು ಓದುತ್ತಾ ಹೋದ ಹಾಗೆ ಸ್ಟಾಫ್ ರೂಮಲ್ಲಿ ನಗು ತಡೆಯೋಕಾಗಲಿಲ್ಲ. "ತಾಲೂಕು ಮಟ್ಟಕ್ಕೆ ಹೋಗೋದು." "ಟೆಂಪೋದಲ್ಲಿ ಹಾಡು ಹೇಳೋದು." "ಜಿಲ್ಲಾ ಮಟ್ಟಕ್ಕೆ ಹೋದರೆ ಮಂಡ್ಯದಲ್ಲಿ ಮಸಾಲೆದೋಸೆ." "ಮೈಸೂರು ವಿಭಾಗ ಮಟ್ಟಕ್ಕೆ ಹೋಗಿ ಪ್ಯಾಲೇಸ್ ನೋಡೋದು, ಇನ್ನೂ ಹೋಗಿಲ್ಲ." ಒಬ್ಬರು "ಮೇಡಂ ಜೊತೆ ಮಾತಾಡೋದು" ಅಂತ ಬರೆದು ಆಮೇಲೆ ಹೊಡೆದುಹಾಕಿದ್ದಾರೆ. ಯಾಕೆ ಹೊಡೆದುಹಾಕಿದರೋ!

ನನಗೆ ಹೊಳೆದದ್ದು ಇಷ್ಟು. ವರ್ಷವಿಡೀ ಎಲ್ಲರೂ ಓಡುತ್ತಾರೆ, ಟೆಂಪೋ ಹತ್ತುವುದು ಮಾತ್ರ ಗೆದ್ದವರು. ಕುಳ್ಳ ಹುಡುಗ ಗೆರೆ ಎಳೆದದ್ದೇ ಬಂತು, ಇವತ್ತಿನವರೆಗೆ ಟೆಂಪೋ ಹತ್ತಿಲ್ಲ.

ಸರಿ, ದಾನಿಗಳ ಶೀಟು. ಮೊದಲ ಕಾಲಂನಲ್ಲಿದ್ದ ಹಾಜರಿಯನ್ನ ಅಳಿಸಲಿಲ್ಲ. ಪಕ್ಕದಲ್ಲಿ ಎರಡು ಸೇರಿಸಿದೆ. "ಬಾರದಿದ್ದಕ್ಕೆ ಕಾರಣ" ಒಂದು, "ಬಾರದ ದಿನ ತಾನಾಗಿ ಮಾಡಿದ್ದು" ಇನ್ನೊಂದು. ಹುಡುಗಿಯ ಚೀಟಿಗಳ ಫೋಟೋ ಅವಳನ್ನ ಕೇಳಿಯೇ ಹಾಕಿದೆ, ಗೀಟು ಹಾಕಿದ ಹಿಂಬದಿ ಸಮೇತ. ಅಂಕ ಹಾಕುವ ಕಾಲಂ ಖಾಲಿ ಬಿಟ್ಟು ಕಳಿಸಿದೆ. ರಾತ್ರಿ ಫೋನ್ ಬಂತು. "ಮೇಡಂ, ನಾನು ಕೇಳಿದ್ದು ನಾಲ್ಕು ಹೆಸರು" ಅಂದರು. ಹಾಕಿದ ದುಡ್ಡು ವ್ಯರ್ಥ ಆಗಬಾರದು ಅನ್ನುವುದು ಅವರ ಲೆಕ್ಕ, ಅದರಲ್ಲಿ ತಪ್ಪೇನಿಲ್ಲ. ಮಾತು ಸ್ವಲ್ಪ ಬಿಸಿಯೂ ಆಯಿತು. ಕೊನೆಗೆ ಮಕ್ಕಳು ಬರೆದ ಉತ್ತರಗಳನ್ನ ಓದಿ ಹೇಳಿದೆ. ಮಸಾಲೆದೋಸೆಗೆ ಅವರೂ ನಕ್ಕರು. ಅವರು ಓದುವಾಗಲೂ ಅದೇ ಹೋಟೆಲಂತೆ.

ಆದ ಒಪ್ಪಂದ ಹೀಗಿದೆ. ತಾಲೂಕು ಕೂಟಕ್ಕೆ ಪ್ರಾಕ್ಟೀಸಿನ ಎಲ್ಲ ಮಕ್ಕಳನ್ನೂ ಕರೆದುಕೊಂಡು ಹೋಗೋಕೆ ಟೆಂಪೋ ಬಾಡಿಗೆ. ಓಡದವರು ಟೈಮ್ ಬರೆದುಕೊಳ್ಳುತ್ತಾರೆ, ಬಾಟಲಿ ಹಿಡಿಯುತ್ತಾರೆ, ಕೂಗುತ್ತಾರೆ. ಪ್ರಾಕ್ಟೀಸ್ ಆದ ಮೇಲೆ ಎಲ್ಲರಿಗೂ ಕಡಲೆಕಾಯಿ ಚಿಕ್ಕಿ, ಬಾಳೆಹಣ್ಣು. ಶೂಗಳು ಶಾಲೆಯ ಹೆಸರಲ್ಲಿ, ಬೇರೆ ಬೇರೆ ಸೈಜಲ್ಲಿ. "ಒಂದು ಹೆಸರಾದರೂ ಕೊಡಿ" ಅಂದದ್ದಕ್ಕೆ ಹುಡುಗಿಯ ಹೆಸರು ಕೊಟ್ಟೆ, ಅವರಮ್ಮನ ಹತ್ತಿರ ಮಾತಾಡಿ.

ದುಡ್ಡಿಲ್ಲದೆ ಆದದ್ದು ಇನ್ನೊಂದು. ಎಚ್.ಎಂ. (ಮುಖ್ಯ ಶಿಕ್ಷಕರು) ಹತ್ತಿರ ಜಗಳ ಮಾಡಿ ವಾರಕ್ಕೆ ಮೂರು ದಿನ ಕೊನೆಯ ಪೀರಿಯಡ್ಡನ್ನೇ ಆಟದ ಪೀರಿಯಡ್ ಮಾಡಿಸಿಕೊಂಡೆ. ಪ್ರಾಕ್ಟೀಸ್ ಬೇಗ ಶುರು, ಬೇಗ ಮುಗಿತಾಯ. ಡೈರಿ ಸಮಯಕ್ಕೆ ಹಾಲು ಕರೆಯುವವರು ಮನೆ ಸೇರಿರುತ್ತಾರೆ. ಆ ಮೂರು ದಿನ ಹುಡುಗಿಯ ಸಾಲಿನಲ್ಲಿ ಈಗ ಟಿಕ್ ಬೀಳುತ್ತಿದೆ. ಅವಳೇನೂ ಬದಲಾಗಿಲ್ಲ, ಟೈಮ್‌ಟೇಬಲ್ ಬದಲಾಗಿದೆ ಅಷ್ಟೇ.

ಬೈಕಿನ ಅಪ್ಪನ ಹತ್ತಿರ ಮಾತಾಡೋಕೆ ನನಗೆ ಧೈರ್ಯ ಬರಲಿಲ್ಲ. ಅದರ ಬದಲು ಒಂದು ಕೆಲಸ ಹಚ್ಚಿದೆ. "ಸರ್, ಗುಂಡು ಎಸೆತದ ಕಡೆ ಟೇಪ್ ಹಿಡಿಯೋಕೆ ಯಾರೂ ಇಲ್ಲ" ಅಂದೆ. ಅದು ಮೈದಾನದ ಆ ತುದಿ. ಈಗ ಅವರು ಅಲ್ಲಿ ಎಂಟನೇ ಕ್ಲಾಸಿನ ಹುಡುಗಿಯರಿಗೆ ಅಳತೆ ಹಾಕುತ್ತಾ, ಕಾಲು ಹೇಗಿಡಬೇಕು ಅಂತ ಪಾಠವನ್ನೂ ಹೇಳುತ್ತಿದ್ದಾರೆ. ಸಂತೋಷವಾಗಿಯೇ ಇದ್ದಾರೆ. ಹುಡುಗನ ಜಿಗಿತ ಒಂದು ಇಂಚೂ ಜಾಸ್ತಿಯಾಗಿಲ್ಲ. ಎದ್ದ ತಕ್ಷಣ ಈಗ ಟೇಪ್ ನೋಡುತ್ತಾನೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಬಿಡುತ್ತಾನೋ ಏನೋ. ಬಿಟ್ಟರೆ ಬಿಡಲಿ ಬಿಡಿ.

ಈಗ ಹೊಸ ಪ್ರಶ್ನೆ, ರೈಲ್ವೆ ಸರ್‌ಗೆ. ಹಂಚಿಕೊಂಡು ಹಾಕುವ ಶೂ ತೆಗೆದುಕೊಳ್ಳಬೇಕು. ನಮ್ಮದು ಮಣ್ಣಿನ ಮೈದಾನ. ದಾನಿಗಳಿಗೆ ಸ್ಪೈಕ್ಸ್, ಅಂದರೆ ತಳದಲ್ಲಿ ಮೊಳೆ ಇರುವ ಓಟದ ಶೂ, ಕೊಡಿಸುವ ಆಸೆ. ತೆಗೆದುಕೊಳ್ಳಲಾ?

ರೈಲ್ವೆ ಓಟಗಾರ

ಸದ್ಯಕ್ಕೆ ಸ್ಪೈಕ್ಸ್ ಬೇಡ ಮೇಡಂ. ದಿನದ ಓಟಕ್ಕೆ ಸಾಧಾರಣ ರನ್ನಿಂಗ್ ಶೂ ಸಾಕು, ತಳ ಮಣ್ಣಿಗೆ ಹಿಡಿತ ಕೊಡುವಂತಿರಲಿ. ಮಕ್ಕಳನ್ನ ಕರೆದುಕೊಂಡೇ ಅಂಗಡಿಗೆ ಹೋಗಿ. ಸಂಜೆ ಹೊತ್ತು ಹೋಗಿ, ಆಗ ಕಾಲು ಸ್ವಲ್ಪ ಊದಿರುತ್ತೆ, ಸರಿಯಾದ ಸೈಜ್ ಸಿಗುತ್ತೆ. ನಿಂತಾಗ ಮುಂದೆ ಹೆಬ್ಬೆರಳಿನ ಅಗಲ ಜಾಗ ಇರಲಿ. ಕಾಲು ಬೆಳೆಯುತ್ತೆ ಅಂತ ಎರಡು ಸೈಜ್ ದೊಡ್ಡದು ಕೊಡಿಸಬೇಡಿ, ಬೊಬ್ಬೆ ಬರುತ್ತೆ. ಹುಡುಗಿ ವಿಭಾಗ ಮಟ್ಟ ದಾಟಿ ಸಿಂಥೆಟಿಕ್ ಟ್ರ್ಯಾಕಲ್ಲಿ ಓಡುವ ಹಾಗಾದರೆ ಆಗ ಒಂದು ಜೊತೆ ಸ್ಪೈಕ್ಸ್ ನೋಡೋಣ, ನನ್ನ ಹಳೇದು ಯಾರಿಗಾದರೂ ಆದರೆ ಅದನ್ನೂ ಕಳಿಸುತ್ತೇನೆ. ಶೂ ಹಂಚಿಕೊಳ್ಳಲಿ, ಸಾಕ್ಸ್ ಮಾತ್ರ ಎಲ್ಲರಿಗೂ ಬೇರೆ ಬೇರೆ ಕೊಡಿಸಿ.